ಪಿಟೀಲಿನ ಜೀವ ತೆಗೆದದ್ದು

ಪುರಾವೆಯಿಲ್ಲದೆ ಏನನ್ನೂ ಒಪ್ಪದಿರುವುದು ನನ್ನ ಚಟ. ಕಾಲೇಜಿನ ಚರ್ಚಾಕೂಟಗಳಲ್ಲಿ ಇದಕ್ಕೆ ಬಹುಮಾನ ಸಿಗುತ್ತಿತ್ತು, ಮನೆಯಲ್ಲಿ ಬೈಗುಳ. ಹಾಲು ಉಕ್ಕುತ್ತಿದೆ ಎಂದು ಅವ್ವ ಕೂಗಿದಾಗ ‘ಯಾವ ಆಧಾರದ ಮೇಲೆ?’ ಎಂದು ಕೇಳಿ, ಕೊನೆಗೆ ಒಲೆ ಒರೆಸಿದವನು ನಾನು.

ಗೋಕಾಕದಲ್ಲಿ ಮರದ ಗೊಂಬೆ ಮಾಡುವ ನಮ್ಮ ಕಾಕಾ ಆರು ತಿಂಗಳು ಕೂತು ಒಂದು ಪಿಟೀಲು ಮಾಡಿದ. ಹುಕ್ಕೇರಿಯಿಂದ ಸಂಗೀತದ ಅಕ್ಕೋರು ಸಂಜೆ ಬಂದು ನುಡಿಸಿ ನೋಡುವವರಿದ್ದರು. ಮೆಚ್ಚಿದರೆ ಮೂಡಲಗಿಯ ಕಾರ್ಯಕ್ರಮಕ್ಕೆ ಅದೇ ವಾದ್ಯ. ಇಲ್ಲದಿದ್ದರೆ ಅದೂ ಗೊಂಬೆಗಳ ಸಾಲಿಗೆ. ಮಧ್ಯಾಹ್ನ ಕಾಕಾ ತಂತಿಗಳನ್ನು ಎತ್ತಿಹಿಡಿಯುವ ‘ಕುದುರೆ’ ಎಂಬ ಮರದ ತುಂಡನ್ನು ತುಸು ಉಜ್ಜಬೇಕೆಂದು ನನಗೆ ಕೆಲಸ ಹಚ್ಚಿದ.

“ತಂತಿ ಒಂದೊಂದ ಸಡಲ ಮಾಡು. ಎಲ್ಲಾ ಒಮ್ಮೆಲೆ ಬಿಚ್ಚಿದ್ರ ಜೀವಾ ಬೀಳತೈತಿ.”

ಜೀವವೆಂದರೆ ಪಿಟೀಲಿನ ಹೊಟ್ಟೆಯೊಳಗೆ ಅಂಟಿಲ್ಲದೆ, ತಂತಿಗಳ ಬಿಗಿಯಲ್ಲೇ ನಿಂತಿರುವ ಕಿರುಬೆರಳುದ್ದದ ಕಡ್ಡಿ. ಕಡ್ಡಿಗೆಂಥ ಜೀವ? ಆತ್ಮವೇ ಇಲ್ಲವೆಂದು ವೇದಿಕೆ ಮೇಲೆ ವಾದಿಸಿ ಗೆದ್ದವನು ನಾನು. ನಾಲ್ಕೂ ತಂತಿ ಒಟ್ಟಿಗೇ ಸಡಿಲಿಸಿದೆ. ಒಳಗೆ ‘ಟಕ್’ ಎಂದಿತು.

“ಹೋತಲ್ಲೋ ಜೀವಾ!” ಎಂದು ಕಾಕಾ ಚೀರಿದ.

ಅಡುಗೆಮನೆಯಿಂದ ಅವನ ಹೆಂಡತಿ, ನಮ್ಮ ಕಾಕು, ಓಡಿಬಂದಳು. “ಅಯ್ಯ, ಯಾರದ್ರಿ?”

ಬಾಗಿಸಿದ ಕಬ್ಬಿಣದ ತಂತಿಯೊಂದನ್ನು ಪಿಟೀಲಿನ ಸೀಳಿನೊಳಗೆ ತೂರಿಸಿ ಕಾಕಾ ಕಡ್ಡಿಯನ್ನು ಮತ್ತೆ ನಿಲ್ಲಿಸುವಷ್ಟರಲ್ಲಿ ತಾಸು ಕಳೆಯಿತು. ಕೂದಲೆಳೆಯಷ್ಟು ಸರಿದರೂ ದನಿ ಬದಲಾಗುತ್ತದಂತೆ. “ಕೆಡಿಸಿದಾಂವ ನೀನ, ಚಲೋ ಜಾಗಾನೂ ನೀನ ಹೇಳು,” ಎಂದ. ಅವನು ಕಡ್ಡಿ ಸರಿಸಿ ಸರಿಸಿ ನುಡಿಸಬೇಕು, ನಾನು ಕೇಳಿ ಹೇಳಬೇಕು. ಪರೀಕ್ಷೆ ನಿಷ್ಪಕ್ಷಪಾತವಾಗಿರಬೇಕೆಂದು ನಾನು ಗೋಡೆಯತ್ತ ಮುಖ ಮಾಡಿ ಕೂತೆ. ಮೊದಲ ಸಲ ಹೊಟ್ಟೆನೋವಿನ ದನಿ. ಎರಡನೆಯದು ಪರವಾಗಿಲ್ಲ. ಮೂರನೆಯದಕ್ಕೆ ಎದ್ದು ನಿಂತೇಬಿಟ್ಟೆ. “ಇದು ನೋಡು ಕಾಕಾ! ಎರಡನೇದು ಮೂಗಿನಾಗ ಹಾಡತಿತ್ತು, ಇದು ಎದಿಯಿಂದ ಬಂತು. ಕಾರಣಾ ಮೂರು...”

ಮೂರನ್ನೂ ತಾಳ್ಮೆಯಿಂದ ಕೇಳಿ ಕಾಕಾ ಹೇಳಿದ: “ಖರೆ ಐತಿ. ಆದ್ರ ಎರಡನೇ ಸಲ ಆದಮ್ಯಾಲ ನಾ ಕಡ್ಡಿ ಮುಟ್ಟೇ ಇಲ್ಲೋ ತಮ್ಮಾ.” ಕಾಕು ನಕ್ಕು ನಕ್ಕು ಹೊಸ್ತಿಲ ಮೇಲೆ ಕೂತುಬಿಟ್ಟಳು.

ಸಂಜೆ ಅಕ್ಕೋರು ಬಂದರು. ಕಮಾನು ಎಳೆದದ್ದೇ ಕಣ್ಣು ಮುಚ್ಚಿದರು. ಅಂಗಳದಲ್ಲಿದ್ದವರೆಲ್ಲ ಬಾಗಿಲಿಗೆ ಬಂದರು. “ಮೂಡಲಗಿಗೆ ಇದನ್ನ ಒಯ್ಯತೇನ್ರಿ,” ಎಂದರು. “ಜೀವಾ ಭಾಳ ಚಂದ ಕೂತೈತಿ. ಯಾರ ಕಿವೀರಿ ಇದು?”

“ನಮ್ಮ ಅಣ್ಣನ ಮಗಂದ್ರಿ,” ಎಂದ ಕಾಕಾ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಆ ಮಾತನ್ನು ಖಂಡಿಸಲು ನನ್ನ ಬಳಿ ಗಟ್ಟಿ ಆಧಾರವಿತ್ತು. ಸಾಕ್ಷಿ ಬೇಕೆಂದರೆ ಕಾಕು ಅಲ್ಲೇ ನಿಂತಿದ್ದಳು. ನಾನು ಎರಡೂ ಕೈ ಜೋಡಿಸಿ, ವಿನಯದಿಂದ ತಲೆ ಬಾಗಿಸಿದೆ.