ಅಕ್ಕನ ಯೀಸ್ಟು, ನನ್ನ ಸಿಟ್ಟು

ನಮ್ಮಕ್ಕನಷ್ಟು ಕಟುಕಿ ದಾವಣಗೆರೆಯಲ್ಲಿ ಇನ್ನೊಬ್ಬಳಿಲ್ಲ. ಕೋಟ್ಯಂತರ ಜೀವಗಳನ್ನು ಸಾಕುತ್ತಾಳೆ, ಸಕ್ಕರೆ ತಿನ್ನಿಸಿ ಕೊಬ್ಬಿಸುತ್ತಾಳೆ, ಆಮೇಲೆ ಒಂದು ದಿನ ದಿಢೀರನೆ ಊಟ ನಿಲ್ಲಿಸಿ, ಹಸಿವಿನಲ್ಲಿ ಅವು ಏನು ಮಾಡುತ್ತವೆ ಎಂದು ನೋಡುತ್ತಾಳೆ! ಇದಕ್ಕೆ ಕಾಲೇಜಿನವರು ಸಂಬಳ ಬೇರೆ ಕೊಡುತ್ತಾರೆ. ಆ ಜೀವಗಳು ಬ್ರೆಡ್ಡು ಉಬ್ಬಿಸುವ ಯೀಸ್ಟು ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಪೊಲೀಸರಿಗೆ ಫೋನ್ ಮಾಡಿಬಿಟ್ಟೀರಿ.

ಹಸಿದ ಯೀಸ್ಟು ತನ್ನೊಳಗಿನ ಹಳೆಯ, ಮುರುಕು ಸಾಮಾನನ್ನೆಲ್ಲ ಒಂದು ಚೀಲದಲ್ಲಿ ತುಂಬಿ, ಕರಗಿಸಿ, ಅದರಿಂದಲೇ ಹೊಸದು ಮಾಡಿಕೊಂಡು ಬದುಕುತ್ತದಂತೆ. ನಮ್ಮ ನಿಮ್ಮ ಮೈಯ ಕೋಶಗಳಲ್ಲೂ ಇದೇ ನಡೆಯುತ್ತದಂತೆ. ಆ ಚೀಲ ಕಟ್ಟುವ ಪ್ರೋಟೀನುಗಳಲ್ಲಿ ಒಂದು ಹೇಗಿದೆ ಎಂದು ಕಣ್ಣಾರೆ ನೋಡಬೇಕೆಂಬುದು ಅಕ್ಕನ ಹಟ. ಒಂದೆರಡು ದಿನದ್ದಲ್ಲ, ಹನ್ನೊಂದು ವರ್ಷದ ಹಟ! ಮದುವೆ ಬೇಡ ಎಂದಳು, ಒಡವೆ ಬೇಡ ಎಂದಳು, ಇದೊಂದು ಮಾತ್ರ ಬೇಕು. ಈ ವರ್ಷ ನಿವೃತ್ತಿ ಬೇರೆ.

ಇಷ್ಟು ಹೊತ್ತಿಗೆ ನಿಟ್ಟುವಳ್ಳಿಯ ನಮ್ಮ ಬೀದಿಗೆಲ್ಲ ಸುದ್ದಿಯಾಗಿತ್ತು. ಪಕ್ಕದ ಮನೆಯ ಅಜ್ಜಿ ಒಂದು ಸಂಜೆ ಬಂದು ಕೂತರು.

"ಯವ್ವಾ, ಉಪವಾಸ ಮಾಡಿದ್ರ ಒಳಗಿನ ಕಸ ಹೋಗ್ತೈತಂತಲ್ಲ. ನಾನು ನಲವತ್ತು ವರ್ಸದಿಂದ ಸೋಮವಾರ ಒಪ್ಪತ್ತು ಮಾಡ್ತೀನಿ. ನಂದೂ ಹೋಗೈತಾ?"

ಹೌದು ಎಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ಅಕ್ಕ ಹಾಗೆನ್ನಲಿಲ್ಲ.

"ಒಪ್ಪತ್ತಿನ ದಿನ ನೀವು ಅವಲಕ್ಕಿ, ಬಾಳೆಹಣ್ಣು, ಸಾಬೂದಾನಿ, ಮ್ಯಾಲೊಂದು ಲೋಟ ಹಾಲು ತಗೊಂತೀರಲ್ರೀ. ಅಷ್ಟು ಕೊಟ್ರೆ ನನ್ನ ಯೀಸ್ಟೂ ಕಸ ಗುಡಿಸಲ್ಲ, ಮಲ್ಕಂತೈತೆ."

ಅಜ್ಜಿ ಎದ್ದು ಹೋದವರು ಆ ಯುಗಾದಿಗೆ ನಮಗೆ ಹೋಳಿಗೆ ಕಳಿಸಲಿಲ್ಲ. ಮಾತಾಡಿದ್ದು ಅವಳು, ಹೋಳಿಗೆ ಹೋದದ್ದು ನನ್ನದು! ಇದು ಯಾವ ಸೀಮೆಯ ನ್ಯಾಯ?

ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್ ಇದೆ. ನಾನು ಕಡೆದ ಶಾಫ್ಟುಗಳು ಹರಿಹರದ ಕಾರ್ಖಾನೆಗಳಲ್ಲಿ ತಕರಾರಿಲ್ಲದೆ ತಿರುಗುತ್ತಿವೆ. ಅಂಥ ನನ್ನ ಬಳಿಗೆ ಅಕ್ಕ ಒಂದು ಚೀಟಿ ಹಿಡಿದು ಬಂದಳು. ಜೋಳದ ಕಾಳಿನಷ್ಟಗಲದ ತಾಮ್ರದ ಬಿಲ್ಲೆಯ ಮೇಲೆ ಪ್ರೋಟೀನಿನ ನೀರು ಸವರಿ, ಅದನ್ನು ವಿಪರೀತ ತಣ್ಣನೆಯ ದ್ರವದೊಳಗೆ ಸರ್ರನೆ ಬೀಳಿಸಬೇಕಂತೆ. ನೀರಿಗೆ ಹರಳುಗಟ್ಟಲೂ ಪುರುಸೊತ್ತು ಸಿಗಬಾರದಂತೆ, ಹರಳುಗಟ್ಟಿದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಏನೂ ಕಾಣುವುದಿಲ್ಲವಂತೆ. ಹಾಗೆ ಬೀಳಿಸುವ ಯಂತ್ರ ಕೊಳ್ಳಲು ಕಾಲೇಜಿಗೆ ತಾಕತ್ತಿಲ್ಲ, ಆದ್ದರಿಂದ ತಮ್ಮ ಮಾಡಿಕೊಡಬೇಕು!

ಮಾಡಿಕೊಟ್ಟೆ. ಬಂದು ನೋಡಿದಳು. "ಬೀಳುವಾಗ ಚೂರು ನಡುಗ್ತೈತೆ ಕಣೋ." ಮತ್ತೆ ಮಾಡಿದೆ. "ಇನ್ನೂ ನಡುಗ್ತೈತೆ." ಮೂರನೇ ಸಲ ನನ್ನ ಕೈಯೇ ಸಿಟ್ಟಿಗೆ ನಡುಗುತ್ತಿತ್ತು. ನಾಲ್ಕನೆಯದನ್ನು ಒಪ್ಪಿದಳು. ಚೆನ್ನಾಗಿದೆ ಎಂದಳೇ? "ಪರವಾಗಿಲ್ಲ" ಎಂದಳು!

ಕೊನೆಗೂ ಬಿಲ್ಲೆಗಳು ತಯಾರಾದವು. ಮೈಕ್ರೋಸ್ಕೋಪು ಇರುವುದು ಬೆಂಗಳೂರಿನಲ್ಲಿ. ಎಂಟು ತಿಂಗಳು ಕಾದ ಮೇಲೆ ಅವಳಿಗೆ ಮೂರು ದಿನದ ಸರದಿ ಸಿಕ್ಕಿತ್ತು. ಅದು ತಪ್ಪಿದರೆ ನಿವೃತ್ತಿಯೊಳಗೆ ಇನ್ನೊಂದಿಲ್ಲ. ಕಾರು ಹೊರಡುವ ಬೆಳಿಗ್ಗೆ ನೋಡಿದರೆ, ಬಿಲ್ಲೆಗಳನ್ನು ಮುಳುಗಿಸಿಟ್ಟ ಕ್ಯಾನಿನಲ್ಲಿ ಅವನ್ನು ತಣ್ಣಗಿಡುವ ದ್ರವ ನೈಟ್ರೋಜನ್ ತಳ ಕಂಡಿದೆ! ಕೊಡುವವರ ಗಾಡಿ ಬಂದಿಲ್ಲ. ಬಿಲ್ಲೆ ಬೆಚ್ಚಗಾದರೆ ಎಲ್ಲ ಮುಗಿಯಿತು. ಅಕ್ಕನ ಮುಖ ಸುಣ್ಣವಾಗಿತ್ತು.

ನಮ್ಮ ಕಡೆ ನೈಟ್ರೋಜನ್ ಇನ್ಯಾರ ಹತ್ತಿರ ಇರುತ್ತದೆ? ಹಸುಗಳಿಗೆ ಗರ್ಭ ಕಟ್ಟಿಸುವವರ ಹತ್ತಿರ! ಹೋರಿಯ ವೀರ್ಯವನ್ನು ಅವರು ಇಟ್ಟುಕೊಳ್ಳುವುದೂ ಅದರಲ್ಲೇ. ಗುತ್ತೂರಿನಲ್ಲಿ ಪರಿಚಯದ ದನದ ಡಾಕ್ಟರೊಬ್ಬರಿದ್ದರು. ಕೆಲಸ ಬಿಟ್ಟು ಬೈಕ್ ತೆಗೆದೆ. ಹಿಂದೆ ಅಕ್ಕ, ಅವಳ ಮಡಿಲಲ್ಲಿ ಕ್ಯಾನು. ಒಂದೊಂದು ಗುಂಡಿಗೂ ನನ್ನ ಬೆನ್ನಿಗೊಂದು ಗುದ್ದು.

ಡಾಕ್ಟರು ಪಾಪ, ತಮ್ಮ ಕ್ಯಾನಿನಿಂದ ನಮ್ಮದಕ್ಕೆ ಧಾರಾಳವಾಗಿ ಸುರಿಯುತ್ತಿದ್ದರು. ಹಸು ಹಿಡಿದು ನಿಂತಿದ್ದ ರೈತರೊಬ್ಬರು ಕ್ಯಾನನ್ನೇ ನೋಡುತ್ತಿದ್ದರು.

"ಯಾವ ಜಾತಿ ಹೋರಿದ್ರೀ ಮೇಡಂ? ಜರ್ಸಿನಾ?"

"ಹೋರಿದಲ್ರೀ, ಯೀಸ್ಟಿಂದು."

"ಹಾಲು ಎಷ್ಟು ಕೊಡ್ತೈತೆ?"

"ಹಾಲು ಕೊಡಲ್ರೀ. ಹಸಿವಾದ್ರೆ ಒಳಗಿರೋ ಹಳೇ ಕಸ ತಿಂದು ಬದುಕ್ತೈತೆ."

ರೈತರು ತಮ್ಮ ಹಸುವನ್ನೊಮ್ಮೆ ನೋಡಿ ನಿಟ್ಟುಸಿರುಬಿಟ್ಟರು. "ಅಂಥದ್ದು ತರಬ್ಯಾಡ್ರಿ. ನಮ್ಮನ್ಯಾಗ ಇದೊಂದೈತಲ್ಲ, ಬೀದಿ ಪ್ಲಾಸ್ಟಿಕ್ಕೆಲ್ಲಾ ಇದೇ ತಿಂತೈತೆ."

ಡಾಕ್ಟರು ನಕ್ಕರು, ರೈತರು ನಕ್ಕರು. ಅಕ್ಕ ಮಾತ್ರ ಅಲ್ಲೇ ನಿಂತು ಅವರಿಗೆ ಕೋಶದ ಪಾಠ ಶುರುಮಾಡಿದಳು! ಎಳೆದುಕೊಂಡು ಬಂದು ಕಾರಿಗೆ ಹತ್ತಿಸುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು. ತಲುಪಿದೆ ಎಂದು ಒಂದು ಫೋನಾದರೂ? ಇಲ್ಲ.

ಮೂರನೇ ದಿನ ಮಧ್ಯಾಹ್ನ ವಾಟ್ಸಾಪಿಗೆ ಒಂದು ಫೋಟೋ ಬಂತು. ಬೂದು ಬಣ್ಣ. ನಡುವೆ ಬೆಳ್ಳಗೆ, ಮಡಿಸಿದ ಬೆರಳಿನಂಥದ್ದು ಏನೋ. ಅದೂ ಮಸುಕು. ನನ್ನ ಪಿತ್ತ ನೆತ್ತಿಗೇರಿತು. ಇದಕ್ಕಾ ನಾಲ್ಕು ಸಲ ಕಬ್ಬಿಣ ಕಡೆಸಿದ್ದು? ಇದಕ್ಕಾ ಬೆನ್ನಿಗೆ ಗುದ್ದಿದ್ದು? ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ.

ಆ ಕಡೆಯಿಂದ ಮೂಗು ಸೇದುವ ಸದ್ದು. ಅಪ್ಪ ತೀರಿಕೊಂಡ ದಿನವೂ ಅಳದೆ, ಬಂದವರಿಗೆಲ್ಲ ಚಹಾ ಕೊಟ್ಟವಳು ನಮ್ಮಕ್ಕ.

"ಅದೇ ಕಣೋ," ಎಂದಳು. "ಸಾವಿರಾರು ಚಿತ್ರ ಒಂದರ ಮ್ಯಾಲೊಂದು ಕೂಡಿಸಿದ ಮ್ಯಾಲೆ ಕಾಣಿಸ್ತು. ಅದು ಇರೋದೇ ಹಂಗೆ."

"ಕಾಲೇಜಿನೋರಿಗೆ ಕಳಿಸಿದ್ಯಾ?"

"ಇಲ್ಲ. ಇದನ್ನ ಈ ಭೂಮಿ ಮ್ಯಾಲೆ ಇನ್ನೂ ಯಾರೂ ನೋಡಿಲ್ಲ. ನಾನು ನೋಡ್ದೆ. ನಿನಗೆ ಕಳಿಸ್ದೆ."

ಲೇತ್ ನಿಲ್ಲಿಸಿದೆ. ಫೋಟೋವನ್ನು ದೊಡ್ಡದು ಮಾಡಿ ಇನ್ನೊಮ್ಮೆ ನೋಡಿದೆ. ಏನೂ ತಿಳಿಯಲಿಲ್ಲ, ಆದರೂ ಕಣ್ಣು ತುಂಬಿ ಬಂತು. "ಚೆನ್ನಾಗೈತೆ ಅಕ್ಕಾ," ಎಂದೆ. ಹನ್ನೊಂದು ವರ್ಷದಲ್ಲಿ ಅವಳ ಕೆಲಸದ ಬಗ್ಗೆ ನಾನಾಡಿದ ಮೊದಲ ಒಳ್ಳೆಯ ಮಾತು ಅದು. ಅಷ್ಟು ತಡ ಮಾಡಿದೆನಲ್ಲ ಎಂದು ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು.