ಸೋಪಿನ ಹೊಟ್ಟೆಯೊಳಗೆ ಎರಡು ಮಾತು

ಸೋಪು ಮಾಡುವುದು ಏನು ಮಹಾ ವಿದ್ಯೆ ಎಂದುಕೊಂಡಿದ್ದೆ. ಎಣ್ಣೆ, ನೀರು, ಕಾಸ್ಟಿಕ್ ಸೋಡ. ಕಲೆಸುವುದು, ಹುಯ್ಯುವುದು, ಒಣಗಿಸುವುದು. ಹಪ್ಪಳ ಸಂಡಿಗೆ ಮಾಡಿ ಪಳಗಿದ ಕೈಗೆ ಇದ್ಯಾವ ಲೆಕ್ಕ! ಮಧುಗಿರಿಯ ನಮ್ಮ ಮಹಿಳಾ ಸಮಾಜಕ್ಕೆ ಬಂದಿದ್ದ ಗ್ರಾಮಸೇವಿಕೆ ಒಂದು ಮಧ್ಯಾಹ್ನ ಮಾಡಿ ತೋರಿಸಿದ್ದನ್ನು ಕಣ್ಣು ಮಿಟುಕಿಸದೆ ನೋಡಿದ್ದೆ. ಅರ್ಧ ನೋಡಿದ್ದೆ ಎಂದರೆ ಸರಿಯಾದೀತು. ಇನ್ನರ್ಧ ಹೊತ್ತು ನನ್ನ ಕಿವಿ ರಸ್ತೆಯ ಕಡೆಗಿತ್ತು. ಅದು ಪಾವಗಡದ ಬಸ್ಸು ಬರುವ ಹೊತ್ತು.

ಪಾವಗಡದಲ್ಲಿ ನಮ್ಮವರಿದ್ದರು. ಮದುವೆಯಾದ ಮೂರನೇ ತಿಂಗಳಿಗೇ ಅಲ್ಲಿಯ ಮಿಡ್ಲ್ ಸ್ಕೂಲಿಗೆ ಮೇಷ್ಟ್ರಾಗಿ ವರ್ಗವಾಗಿ ಹೋದರು. ನಾನು ಮಧುಗಿರಿಯಲ್ಲಿ ಅತ್ತೆ ಮಾವನ ಜೊತೆ ಉಳಿದೆ. "ತೆಲುಗು ಮಾತಾಡೋ ಸೀಮೆ. ಸರಿಯಾದ ಮನೆ ಸಿಕ್ಕಲ್ಲ, ನೀರಿಗೆ ದೂರ ಹೋಗ್ಬೇಕು. ಒಂದು ವರ್ಷ ಕಳೀಲಿ, ಆಮೇಲೆ ನೋಡಾಣ" ಎಂದು ಮಾವ ಅಪ್ಪಣೆ ಮಾಡಿದರು. ಮಾವ ಕಂದಾಯ ಇಲಾಖೆಯಿಂದ ರಿಟೈರಾದ ಶೇಕದಾರರು. ಅವರ ಅಪ್ಪಣೆಗೆ ಮೇಲ್ಮನವಿ ಇರಲಿಲ್ಲ.

ಕಾಗದ ಬರೆಯಬಹುದಿತ್ತಲ್ಲ ಅಂತೀರಾ? ಬರೆಯುತ್ತಿದ್ದೆ! ಆದರೆ ಹೋಗುವ ಕಾಗದವನ್ನೂ ಬರುವ ಕಾಗದವನ್ನೂ ಮಾವ ಓದುತ್ತಿದ್ದರು. ಮನಸ್ಸಿನಲ್ಲಿ ಓದಿಕೊಂಡಿದ್ದರೆ ಹೋಗಲಿ ಅನ್ನಬಹುದಿತ್ತು. ನಡುಮನೆಯ ಕಂಬಕ್ಕೆ ಒರಗಿ ಕೂತು, ಕನ್ನಡಕ ಏರಿಸಿ, ಜಮಾಬಂದಿಯಲ್ಲಿ ಹುಕುಂ ಓದುವ ಗಂಟಲಲ್ಲಿ ಮನೆಗೆಲ್ಲ ಕೇಳುವ ಹಾಗೆ ಓದುತ್ತಿದ್ದರು. ಹಾಗಾಗಿ ನಮ್ಮ ಕಾಗದದಲ್ಲಿ ಮಳೆ ಇರುತ್ತಿತ್ತು, ರಾಗಿ ಇರುತ್ತಿತ್ತು, ಎಮ್ಮೆ ಈದ ವರ್ತಮಾನ ಇರುತ್ತಿತ್ತು, ಅತ್ತೆಯ ಮಂಡಿನೋವು ಇರುತ್ತಿತ್ತು. ಕೊನೆಗೆ "ಇಲ್ಲಿ ಎಲ್ಲರೂ ಕ್ಷೇಮ." ನಾನೊಬ್ಬಳು ಕ್ಷೇಮವಾಗಿರಲಿಲ್ಲ. ನಮ್ಮವರ ಅಂಗಿ ಮಡಿಸಿಡುವ ನೆಪದಲ್ಲಿ ದಿನಾ ಟ್ರಂಕು ತೆಗೆಯುತ್ತಿದ್ದೆ. ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದೆ.

ಗೌರಿ ಹಬ್ಬಕ್ಕೆ ಎರಡು ದಿನ ಬಂದಿದ್ದರು. ಮನೆ ತುಂಬ ನೆಂಟರು. ಆ ಎರಡು ದಿನದಲ್ಲಿ ನಾವಿಬ್ಬರೂ ಆಡಿದ ಮಾತು ಇಷ್ಟು. ನಾನು, "ಇನ್ನೊಂದು ಒಬ್ಬಟ್ಟು ಹಾಕ್ಲಾ?" ಅವರು, "ಸಾಕು." ಬಸ್ಸು ಹೋದ ಮೇಲೆ ಹಿತ್ತಲಲ್ಲಿ ಒಲೆಯ ಹೊಗೆಗೆ ಕಣ್ಣೀರು ಬಂತೆಂದು ಹೇಳಿ ಹೊಟ್ಟೆ ತುಂಬ ಅತ್ತುಬಿಟ್ಟೆ. ಒಲೆ ಹಚ್ಚೇ ಇರಲಿಲ್ಲ.

ಗ್ರಾಮಸೇವಿಕೆ ಹೇಳಿದ್ದಳು, ಒಂದು ಬಣ್ಣ ಹುಯ್ದು, ಅದು ಗಟ್ಟಿಯಾಗುತ್ತಿದ್ದಂತೆ ಅದರ ಮೇಲೆ ಇನ್ನೊಂದು ಬಣ್ಣ ಹುಯ್ದರೆ ಪದರ ಪದರವಾದ ಸೋಪು ಆಗುತ್ತದೆ ಎಂದು. ಆಗಲೇ ನನ್ನ ತಲೆಗೆ ಹೊಳೆದದ್ದು. ಪದರದ ಮೇಲೆ ಬರೆದು, ಅದರ ಮೇಲೆ ಇನ್ನೊಂದು ಪದರ ಮುಚ್ಚಿದರೆ? ಮೇಲಿನ ಪದರ ಸವೆದ ದಿನ ಪಾವಗಡದ ಬಚ್ಚಲಲ್ಲಿ ಅವರೊಬ್ಬರ ಕಣ್ಣಿಗೆ ನನ್ನ ಮಾತು ಬೀಳುತ್ತದೆ! ಶೇಕದಾರರೇನು, ಅಮಲ್ದಾರರೇ ಬಂದರೂ ಸೋಪಿನ ಹೊಟ್ಟೆಯೊಳಗಿನ ಕಾಗದ ಓದಲಾರರು!

ಏನು ಬರೆಯುವುದು? ಗಂಡನ ಹೆಸರು ಬಾಯಲ್ಲಿ ಹೇಳುವ ಹಾಗಿಲ್ಲ, ಕೈಯಲ್ಲಿ ಬರೆಯುವ ಹಾಗಂತೂ ಇಲ್ಲವೇ ಇಲ್ಲ. ನನ್ನ ಹೆಸರು ಹಾಕಲು ಧೈರ್ಯವಿಲ್ಲ. ಕೊನೆಗೆ ಯಾರಿಗೆ, ಯಾರಿಂದ ಏನೂ ಇಲ್ಲದೆ ಎರಡೇ ಮಾತು ಎಂದು ತೀರ್ಮಾನಿಸಿದೆ. "ಬೇಗ ಬನ್ನಿ." ಬುದ್ಧಿವಂತಿಕೆಯ ಪರಮಾವಧಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕೆಲಸಕ್ಕೆ ಶುಭಾರಂಭವಾಯಿತು. ಅತ್ತೆಯ ಅಲ್ಯುಮಿನಿಯಂ ಪಾತ್ರೆಯಲ್ಲಿ ನೀರು ಹಾಕಿ, ಕಾಸ್ಟಿಕ್ ಸೋಡ ಸುರಿದೆ. ಪಾತ್ರೆ ಬುಸುಗುಟ್ಟಿತು!

"ಏನೇ ಅದು, ಹಾವು ಬಂದಂಗೆ ಸದ್ದು!" ಎಂದು ಅತ್ತೆ ಓಡಿ ಬಂದರು. ಒಳಗೆ ಕಪ್ಪು ನೊರೆ ಕುದಿಯುತ್ತಿತ್ತು, ಬೆಂಕಿಯೇ ಇಲ್ಲದೆ. "ಅಯ್ಯಯ್ಯೋ, ನನ್ನ ಪಾತ್ರೆ ತಿಂತಾ ಐತಲ್ಲೇ!" ಮಣ್ಣಿನ ಗಡಿಗೆಯಲ್ಲಿ ಮಾಡಬೇಕೆಂದು ಗ್ರಾಮಸೇವಿಕೆ ಹೇಳಿದ್ದಳಂತೆ. ಅವಳು ಅದನ್ನು ಹೇಳುವಾಗಲೇ ಬಸ್ಸು ಬಂದಿರಬೇಕು. ತಳ ತೂತಾದ ಪಾತ್ರೆಯನ್ನು ಹಿತ್ತಲಲ್ಲಿ ಕವುಚಿಟ್ಟು ಗಡಿಗೆ ಹಿಡಿದೆ.

ಇನ್ನು ಬಣ್ಣ. ಕೆಳಗೆ ಬಟ್ಟೆಗೆ ಹಾಕುವ ನೀಲಿ, ನಡುವೆ ಬಿಳಿ, ಮೇಲೆ ಬೇವಿನ ಸೊಪ್ಪಿನ ರಸದ ಹಸಿರು. ಬಿಳಿಯ ಮೇಲೆ ಅಕ್ಷರ ಅರಿಸಿನದಲ್ಲಿ, ಮಂಗಳಕರವಾಗಿ ಹಳದಿಯಾಗಿ ಇರಲಿ ಅಂತ. ಬಟ್ಟಲಲ್ಲಿ ಸ್ವಲ್ಪ ಸೋಪಿನ ಹಿಟ್ಟು ತೆಗೆದುಕೊಂಡು ಅರಿಸಿನ ಬೆರೆಸಿದೆ. ನೋಡ ನೋಡುತ್ತಿದ್ದಂತೆ ರಕ್ತಗೆಂಪು! ನಾನು ಕಿರುಚಿಕೊಂಡೆ. ಅತ್ತೆ ಬಟ್ಟಲು ನೋಡಿ ಸೆರಗು ಬಾಯಿಗಿಟ್ಟು ನಕ್ಕರು. "ಆರತಿ ನೀರಿಗೆ ಅರಿಸಿನದ ಜೊತೆ ಸುಣ್ಣ ಹಾಕಿದ್ರೆ ಕೆಂಪಗಾಗಲ್ವೇನೇ? ಸೋಡಾನೂ ಅಂಗೇ ಕಣಮ್ಮ. ಮೊನ್ನೆ ಮೊನ್ನೆ ನಿನಗೇ ಎತ್ತಿದೀವಲ್ಲೇ ಆರತಿ!" ಎತ್ತಿದ್ದರು, ನಿಜ. ಆವತ್ತು ನಾನು ಆರತಿ ತಟ್ಟೆ ಎಲ್ಲಿ ನೋಡಿದೆ? ಪಕ್ಕದಲ್ಲಿ ನಿಂತವರನ್ನು ನೋಡುತ್ತಿದ್ದೆ.

ಮೂರು ತೆಂಗಿನ ಕರಟದಲ್ಲಿ ನೀಲಿ ಹುಯ್ದೆ, ಬಿಳಿ ಹುಯ್ದೆ. ಅತ್ತೆ ಆಚೆ ಹೋದಾಗ ಪಿನ್ನಿನಿಂದ ಬಿಳಿಯ ಮೇಲೆ ಅಕ್ಷರ ಕೊರೆದು ಕೆಂಪು ತುಂಬಿದೆ. ಒಂದು ಒಡೆದರೆ ಇನ್ನೊಂದಿರಲಿ ಅಂತ ಮೂರಕ್ಕೂ ಬರೆದೆ. ಇನ್ನೇನು ಹಸಿರು ಹುಯ್ಯಬೇಕು, ಅಷ್ಟರಲ್ಲಿ ನೆಂಟರು ಬಂದುಬಿಟ್ಟರು! ಅವರಿಗೆ ಅಡಿಗೆ, ಕಾಫಿ, ಉಪಚಾರ. ಕರಟಗಳನ್ನು ಕಣಜದ ಹಿಂದೆ ಬಚ್ಚಿಟ್ಟು, ಮಾರನೆಯ ದಿನ ಹೊಸದಾಗಿ ಕಲೆಸಿ ಹಸಿರು ಹುಯ್ದೆ. ಅಷ್ಟು ಹೊತ್ತಿಗೆ ಬಿಳಿ ಪದರ ಕಲ್ಲಾಗಿತ್ತು. ಕಲ್ಲಾದ ಪದರಕ್ಕೆ ಮೇಲಿನದು ಅಂಟುವುದಿಲ್ಲ ಎಂಬ ಶಾಸ್ತ್ರ ನನಗೆ ತಿಳಿದಿರಲಿಲ್ಲ. ಎರಡು ದಿನದಲ್ಲಿ ನನ್ನ ಹಸಿರು ಸಗಣಿಯ ಬಣ್ಣಕ್ಕೆ ತಿರುಗಿತು. ನೀಲಿಯೊಂದೇ ಕೊಟ್ಟ ಮಾತಿಗೆ ತಪ್ಪಲಿಲ್ಲ.

ಒಂದು ತಿಂಗಳು ಒಣಗಬೇಕಿತ್ತು. ನನಗೆಲ್ಲಿಯ ತಾಳ್ಮೆ? ಹತ್ತನೇ ದಿನವೇ ಕರಟ ಒಡೆದು, ಸೋಪು ತೆಗೆದು, ಬಸ್ಸಿನ ಡ್ರೈವರ್ ಕೈಲಿ ಕಳಿಸಲು ಗಂಟು ಕಟ್ಟಿದೆ. ಮಾವ ಗಂಟು ಬಿಚ್ಚಿಸಿದರು. ತನಿಖೆ ನಡೆಯಿತು. ಒಂದೊಂದನ್ನೇ ತಿರುಗಿಸಿ ನೋಡಿದರು, ಮೂಸಿದರು.

"ಭೇಷ್! ಮನೆಯಲ್ಲೇ ಮಾಡಿದ್ದು! ಎರಡು ಅವನಿಗೆ, ಒಂದು ನನಗೆ."

"ಮಾವ, ಅದಿನ್ನೂ ಹಸಿ. ಮೈ ಉರಿಯುತ್ತೆ."

"ಮೂವತ್ತು ವರ್ಷ ಬಿಸಿಲಲ್ಲಿ ಕಂದಾಯ ವಸೂಲಿ ಮಾಡಿದ ಮೈ ಕಣಮ್ಮ. ಉರಿಯಲ್ಲ."

ಎರಡು ಸೋಪು ಪಾವಗಡಕ್ಕೆ ಹೋದವು. ಒಂದು ನಮ್ಮ ಬಚ್ಚಲಿಗೆ ಹೋಯಿತು. ಅಲ್ಲಿಂದ ನನಗೆ ಎರಡು ಉದ್ಯೋಗ. ಬಸ್ಸಿಗೆ ಕಾಯುವುದು, ಮಾವನ ಸ್ನಾನ ಆದ ಮೇಲೆ ಓಡಿ ಹೋಗಿ ಸೋಪು ಎಷ್ಟು ಸವೆದಿದೆ ಎಂದು ನೋಡುವುದು. ಒಂದು ದಿನ ಅದನ್ನು ಸೌದೆ ಸಂದಿಯಲ್ಲಿ ಬಚ್ಚಿಟ್ಟೆ. "ನನ್ನ ಸೋಪೆಲ್ಲಿ?" ಎಂದು ಅವರು ಹಾಕಿದ ಕೂಗಿಗೆ ಹೆದರಿ ನಾನೇ ಹುಡುಕಿಕೊಟ್ಟೆ.

ಐದನೇ ದಿನ ಬಚ್ಚಲಿಂದ ಗುಡುಗು ಬಂತು. "ಲೇ ಇವಳೇ!"

"ಏನ್ರೀ, ಮೈ ಉರೀತಾ?" ಎಂದರು ಅತ್ತೆ.

ಮಾವ ಒದ್ದೆ ಪಂಚೆಯಲ್ಲಿ, ತಲೆಯ ಮೇಲೆ ನೊರೆ ಹೊತ್ತು ನಡುಮನೆಗೆ ಬಂದರು. ಒಂದು ಕೈಯಲ್ಲಿ ಸಗಣಿ ಬಣ್ಣದ ಪದರ, ಡಬ್ಬಿಯ ಮುಚ್ಚಳದ ಹಾಗೆ ಪೂರಾ ಕಿತ್ತು ಬಂದಿತ್ತು. ಇನ್ನೊಂದು ಕೈಯಲ್ಲಿ ಬಿಳಿಯ ಮೇಲೆ ಕೆಂಪು ಅಕ್ಷರ. ಭೂಮಿ ಬಾಯಿ ಬಿಡಬಾರದೇ ಅಂದುಕೊಂಡೆ. ಬಿಡಲಿಲ್ಲ.

"ಯಾರು ಬರೆದದ್ದಮ್ಮ ಇದು?"

"ನಾನೇ ಮಾವ."

"ಯಾರು ಬರಬೇಕು?"

"ಅವರು."

"ಯಾವ ಅವರು? ಹೆಸರಿಲ್ಲ, ವಿಳಾಸವಿಲ್ಲ!"

"ಗಂಡನ ಹೆಸರು ಹೆಂಗೆ ಹೇಳ್ತಾಳೆ, ಬುಡ್ರಿ ಅತ್ಲಾಗೆ!" ಎಂದರು ಅತ್ತೆ.

ಮಾವ ಕಂಬಕ್ಕೆ ಒರಗಿ ಕೂತರು. ಕನ್ನಡಕ ತರಿಸಿಕೊಂಡರು. ಮನೆಗೆ ಬಂದ ಕಾಗದವನ್ನೆಲ್ಲ ಓದುವುದು ಅವರ ಧರ್ಮವಲ್ಲವೇ, ಸೋಪನ್ನೂ ಓದಿದರು. "ಬೇಗ..." ಎಂದು ಹುಕುಂ ಗಂಟಲಲ್ಲೇ ಶುರುವಾಯಿತು. "ಬನ್ನಿ" ಅನ್ನುವಾಗ ಗಂಟಲು ಸಣ್ಣಗಾಯಿತು. ಇನ್ನೊಂದು ಸಲ ಸುಮ್ಮನೆ ತಮ್ಮಷ್ಟಕ್ಕೇ ಓದಿಕೊಂಡರು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೀವು ಸಿರಾಕ್ಕೆ ವರ್ಗ ಆಗಿದ್ರಲ್ಲ, ಎರಡು ವರ್ಷ ನಾನು ಇಲ್ಲೇ ಬಿದ್ದಿದ್ದೆ. ನನಗೆ ಸೋಪು ಮಾಡಕ್ಕೆ ಬರ್ತಿರ್ಲಿಲ್ಲ ಅಷ್ಟೇ."

ಮಾವ ತಲೆಯ ನೊರೆ ತೊಳೆಯದೆಯೇ ಕಾರ್ಡು ಬರೆಯಲು ಕೂತರು. "ಅಲ್ಲಿ ಮನೆ ನೋಡು. ರಜ ಹಾಕಿ ಬಂದು ಸೊಸೆಯನ್ನು ಕರೆದುಕೊಂಡು ಹೋಗು." ಸೋಪಿನ ವಿಷಯ ಬರೆಯಕೂಡದೆಂದು ಅತ್ತೆ ಆಣೆ ಹಾಕಿಸಿದರು.

ನಮ್ಮವರು ಮುಂದಿನ ವಾರವೇ ಬಂದರು! ಬಸ್ಸಿನಲ್ಲಿ ಅತ್ತೆ ಕಟ್ಟಿಕೊಟ್ಟ ಗಂಟು ತೊಡೆಯ ಮೇಲಿಟ್ಟುಕೊಂಡು ಅವರ ಪಕ್ಕದಲ್ಲಿ ಕೂತಿದ್ದೆ. ಮಿಡಿಗೇಶಿ ದಾಟಿದ ಮೇಲೆ ಧೈರ್ಯ ಮಾಡಿ ಕೇಳಿದೆ. "ಸೋಪು ಹೆಂಗಿತ್ತು?" "ಚೆನ್ನಾಗಿತ್ತು" ಎಂದು ನಕ್ಕರು. ಓದಿದ್ದಾರೆ! ನಾನು ಕರೆದದ್ದಕ್ಕೇ ಬಂದಿದ್ದಾರೆ! ಆ ಧೂಳು, ಆ ಬಿಸಿಲು, ಆ ಕುಲುಕಾಟ, ಎಲ್ಲವೂ ಚಂದ ಕಂಡಿತು.

ಪಾವಗಡಕ್ಕೆ ಹೋದ ಸಂಜೆ ಹೆಡ್ ಮಾಸ್ತರ ಹೆಂಡತಿ ಹಾಲು ಮೊಸರು ಹಿಡಿದು ಸೀದಾ ಅಡಿಗೆಮನೆಗೇ ಬಂದರು. "ಏಮಮ್ಮಾ, ನಮ್ಮ ಯಜಮಾನ್ರನ್ನ ಬೇಗ ಬನ್ನಿ ಅಂತ ಕರೆದೋರು ನೀವೇನಾ?"

ನನ್ನ ಕೈಯ ಸೌಟು ಕೆಳಗೆ ಬಿತ್ತು. ನಮ್ಮವರು ರಜ ಕೇಳಲು ಹೋಗಿ, ಹೆಡ್ ಮಾಸ್ತರು ಒಲ್ಲೆ ಅಂದಾಗ, ಒಂದು ಸೋಪನ್ನು ಅವರಿಗೆ ಕಾಣಿಕೆ ಕೊಟ್ಟು ಬಂದಿದ್ದರಂತೆ. "ಎರಡೇ ದಿನಕ್ಕೆ ಪದರ ಕಿತ್ಕೊಂಡು ಬಂತಮ್ಮ. ನಮ್ಮೋರು ಬೆದರಿ ಆಚೆಗೆ ಓಡಿ ಬಂದ್ರು. ನನಗೆ ಗೊತ್ತಾಯ್ತು. ಇದು ಆ ಮೇಷ್ಟ್ರ ಹೆಂಡ್ತಿ ಬರ್ದಿರೋದು, ಮೊದಲು ರಜ ಕೊಡಿ ಅಂದೆ. ಮೇಷ್ಟ್ರಿಗೆ ಹೇಳಕ್ಕೆ ಇವರಿಗೆ ನಾಚಿಕೆ!"

ಹಾಗಾದರೆ ಇನ್ನೊಂದು ಸೋಪು? ನಮ್ಮವರ ಟ್ರಂಕು ತೆಗೆದೆ. ಪಂಚೆಯಲ್ಲಿ ಸುತ್ತಿ ಇಟ್ಟಿದ್ದರು, ಒಂದು ಹನಿ ನೀರೂ ಸೋಕಿರಲಿಲ್ಲ. "ನೀನು ಮಾಡಿದ್ದು ಕಣೇ. ತಿಕ್ಕಿ ಕರಗಿಸೋಕೆ ಮನಸ್ಸು ಬರಲಿಲ್ಲ. ಬೇಜಾರಾದಾಗ ತೆಗೆದು ನೋಡ್ತಿದ್ದೆ" ಎಂದರು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನನ್ನ ಮಾತನ್ನು ಮುಚ್ಚಿಕೊಂಡಿದ್ದ ಪದರವನ್ನೇ ಅಷ್ಟು ದಿನ ನೋಡಿಕೊಂಡು ಕೂತಿದ್ದರು, ಪುಣ್ಯಾತ್ಮರು.

ಬಾಯಿ ಬಿಟ್ಟು ಹೇಳಬಾರದೆಂದು ನನಗೂ ಹಟ. ಅವರೇ ಓದಬೇಕು! ನಾಳೆಯಿಂದ ಇದರಲ್ಲೇ ಸ್ನಾನ ಎಂದು ಹುಕುಂ ಹೊರಡಿಸಿದೆ. ದಿನಾ ಬಚ್ಚಲ ಬಾಗಿಲ ಹತ್ತಿರ ನಿಂತು "ಏನಾದ್ರೂ ಕಂಡಿತಾ?" ಎಂದು ಕೇಳುತ್ತಿದ್ದೆ. "ಏನು ಕಾಣ್ಬೇಕು?" ಎನ್ನುತ್ತಿದ್ದರು. ಮೂರರಲ್ಲಿ ಅದೊಂದರ ಪದರ ಮಾತ್ರ ಬಜ್ಜರದ ಹಾಗೆ ಅಂಟಿಕೊಂಡಿತ್ತು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ತಲೆ ಒರೆಸಿಕೊಳ್ಳುತ್ತಾ ಬಂದು ಹೇಳಿದರು. "ಸೋಪಲ್ಲಿ ಏನೋ ಕಂದು ಕಲೆ ಬಂದಿತ್ತು ಕಣೇ. ಮೂರು ದಿನ ಚೆನ್ನಾಗಿ ತಿಕ್ಕಿದೆ ನೋಡು, ಪೂರಾ ಹೋಯ್ತು."

ನಾನು ಜನ್ಮದಲ್ಲಿ ಬರೆದ ಒಂದೇ ಒಂದು ಪ್ರೇಮಪತ್ರವನ್ನು ನನ್ನ ಮಾವ ಓದಿದರು, ಅತ್ತೆ ಓದಿದರು, ಹೆಡ್ ಮಾಸ್ತರು ಓದಿದರು, ಅವರ ಹೆಂಡತಿ ಓದಿದರು. ನಮ್ಮವರು ಕಂಕುಳಿಗೆ ತಿಕ್ಕಿಕೊಂಡರು!