ನಲವತ್ತೆರಡು ಮಂದಿ ಬೆನ್ನ ಹಿಂದ ನೋಡಿದಾಗ

ಮಾಸ್ತರಕಿ ಅನ್ನೋದು ಹಿಂಗ ನೋಡ್ರಿ. ನಾವು ಒಂದು ಕಲಸಾಕ ಹೋಗ್ತೀವಿ, ಹುಡುಗೂರು ಇನ್ನೊಂದು ಕಲ್ತು, ಅದನ್ನ ತಂದು ನಮ್ಮ ತಲಿಮ್ಯಾಲೆನ ಹಾಕ್ತಾರ. ಎಂಬತ್ತರ ದಶಕದಾಗ ನಾನು ನವಲಗುಂದ ತಾಲೂಕಿನ ಒಂದು ಹಳ್ಳಿ ಹೈಸ್ಕೂಲಿನ್ಯಾಗ ಇಂಗ್ಲಿಷ್ ಮಾಸ್ತರ ಇದ್ದೆ. ಅದೂ ಹಂಗಾಮಿ. ತಪಾಸಣಿಗೆ ಬರೋ ಸಾಹೇಬ್ರು ‘ಪಾಠ ಛಲೋ ಐತಿ’ ಅಂತ ಬರದ್ರ ಕಾಯಂ, ಇಲ್ಲಂದ್ರ ಗಂಟು ಕಟ್ಟೋದು. ಕುಂದಗೋಳದಾಗ ನನಗೊಂದು ಕನ್ಯಾ ನೋಡಿದ್ರು. ಹುಡುಗಿ ನನಗ ಭಾಳ ಮನಸಿಗೆ ಬಂದಿದ್ಲು. ಆಕಿ ಅಪ್ಪ ಮಾತ್ರ, “ಕಾಯಂ ಆರ್ಡರ್ ತೋರಸ್ರಿ, ಮುಹೂರ್ತ ತಗಸ್ತೀವಿ” ಅಂತ ಅಗದಿ ಸ್ವಚ್ಛ ಹೇಳಿಬಿಟ್ಟಿದ್ರು.

೧. ಗೂಗಿ

ಒಂಬತ್ತನೇ ಕ್ಲಾಸಿನ ಪಾಠದಾಗ ಮೂರು ಶಬ್ದ ಬಂದುವು: ಈರಿ, ವಿಯರ್ಡ್, ಅನ್‌ಕ್ಯಾನಿ. ಮೂರೂ ಅಂಜಿಕಿ ಶಬ್ದನ. ಆದ್ರ ಹುಲಿ ಕಂಡಾಗಿನ ಅಂಜಿಕಿ ಅಲ್ಲ; ಏನೂ ಕಾಣದನ ಮೈ ಝುಂ ಅಂತೈತಲ್ಲ, ಆ ಅಂಜಿಕಿ.

ನಾನು ದನಿ ತಗ್ಗಿಸಿ ವರ್ಣನಾ ಶುರು ಮಾಡಿದೆ. “ಒಂದು ಪಾಳು ಬಂಗಲೆ. ಸುತ್ತಲೂ ಮಂಜು. ಒಳಗ ಯಾರೂ ಇಲ್ಲ. ಆದ್ರೂ ಬಾಗಲಾ ತಾನ ತೆರೀತೈತಿ.”

ಮುಂದಿನ ಬೆಂಚಿನ ಒಬ್ಬಾಕಿ ಹುಡುಗಿ ಎದ್ದು ನಿಂತ್ಲು. ಹತ್ತಿ ಹೊಲದಾಗ ಬೆಳದಾಕಿ, ದಿಟ್ಟಿ. “ಚಿಲಕಾ ಹಾಕಿರಂಗಿಲ್ರಿ ಸರ.”

“ಚಿಲಕದ ಮಾತಲ್ಲವಾ. ಮಾಡಿನ್ಯಾಗ ಗೂಗಿ ಕೂತು ಕೂಗತೈತಿ.”

“ಛಲೋನ ಆತಲ್ರಿ. ಇಲಿ ಕಾಟ ಇರಂಗಿಲ್ಲ.”

ನಲವತ್ತೆರಡು ಹುಡುಗೂರು ಹೌದ್ರಿ ಹೌದ್ರಿ ಅಂದ್ರು. ರಾತ್ರಿ ಹೊಲದಾಗ ಒಬ್ಬೊಬ್ಬರನ ಹಂತಿ ರಾಶಿ ಕಾಯ್ದು ಮಲಗೋ ಮಕ್ಕಳು ಅವು. ಇಡೀ ಕ್ಲಾಸಿನ್ಯಾಗ ಆ ಬಂಗಲೆಗೆ ಅಂಜಿದಾಂವ ನಾನೊಬ್ಬನ.

೨. ಅಡಗಿಮನಿ

ಸಂಜಿಮುಂದ ನಾ ಬಾಡಿಗಿ ಇದ್ದ ಮನಿ ಅಜ್ಜಿ ಮುಂದ ಗೋಳು ಹೇಳ್ಕೊಂಡೆ. ಅಜ್ಜಿ ಕಾಳು ಹಸನ ಮಾಡಕೋತ ಕೇಳಿದ್ಲು.

“ಏನೂ ಇಲ್ಲದನ ಅಂಜಿಕಿ ಬರೋದಲ್ಲೇನೋ? ಅದಕ್ಕ ಬಂಗಲೆ ಯಾಕ ಬೇಕೋ ತಮ್ಮಾ? ನಾ ಹೊಸದಾಗಿ ಈ ಮನಿಗೆ ಸೊಸಿಯಾಗಿ ನಡಿಯಾಕ ಬಂದಾಗ, ಅಡಗಿಮನ್ಯಾಗ ನಮ್ಮತ್ತಿ, ನಾದಿನ್ಯಾರು ಗಲಗಲ ಮಾತಾಡ್ತಿದ್ರು. ನಾ ಹೊಸ್ತಲಾ ದಾಟಿದ ಕೂಡಲೆ ಎಲ್ಲಾರೂ ಗಪ್. ಒಬ್ಬರೂ ನನ್ನ ಮಾರಿ ನೋಡವರಲ್ಲ. ನನ್ನ ಬೆನ್ನ ಹಿಂದ ನೋಡಕೋತ ಕೂಡವರು. ಹಾಡ ಹಗಲ, ಒಲಿಮ್ಯಾಲೆ ಸಾರು ಕುದೀತಿತ್ತು, ನನ್ನ ಕೈಕಾಲು ತಣ್ಣಗ.”

“ಹಿಂದ ಏನಿತ್ತಬೇ ಅಜ್ಜಿ?”

“ಏನಿಲ್ಲೋ, ಉಪ್ಪಿನಕಾಯಿ ಭರಣಿ. ಮೂರು ವರ್ಷ ತಿರುಗಿ ತಿರುಗಿ ಅದನ್ನ ನೋಡೀನಿ.”

೩. ಧೋತರ

ಮರುದಿನ ಕ್ಲಾಸಿನ್ಯಾಗ ಹುಡುಗೂರಿಗೆ ಹೇಳಿದೆ: “ಈಗ ಯಾರ ಬರ್ತಾರೋ ಅವರ ಬೆನ್ನ ಹಿಂದ ನೋಡ್ರಿ. ಪಿಟ್ ಅನ್ನಬ್ಯಾಡ್ರಿ.”

ಬಂದವ ನಮ್ಮ ಜವಾನ, ನೋಟೀಸ್ ಬುಕ್ಕು ಹಿಡಕೊಂಡು. ಕ್ಲಾಸೆಲ್ಲಾ ಗಪ್. ಅಂವ ಹಿಂದ ನೋಡಿದ, ಏನಿಲ್ಲ. ಎರಡು ಹೆಜ್ಜಿ ಇಟ್ಟು ಮತ್ತ ನೋಡಿದ. ಕಡೀಕ ನನ್ನ ಕಿವ್ಯಾಗ ಕೇಳಿದ: “ಸರ, ನನ್ನ ಧೋತರ ಹಿಂದ ಹರದೈತೇನ್ರಿ?”

“ಇದ ನೋಡ್ರಿ ಈರಿ ಅಂದ್ರ” ಅಂದೆ. ಹುಡುಗೂರಿಗೆ ಒಮ್ಮೆಗೇ ತಿಳೀತು. ಮನಿಯಿಂದ ಅವರು ಬರಕೊಂಡು ಬಂದ ವಾಕ್ಯ ನೋಡ್ರಿ. ‘ನಾನು ಕೊಡ ಒಡದೆ, ಅವ್ವ ಬೈಲಿಲ್ಲ. ಈರಿ.’ ‘ಹುಬ್ಬಳ್ಳಿ ಬಸ್ಸಿನ್ಯಾಗ ಸೀಟು ಖಾಲಿ ಇತ್ತು, ಯಾರೂ ಕೂಡಲಿಲ್ಲ. ವಿಯರ್ಡ್.’ ‘ಎಮ್ಮಿ ಒದೀದನ ಹಾಲು ಕೊಟ್ಟಿತು. ಅನ್‌ಕ್ಯಾನಿ.’

ಆದ್ರ ಆಟ ಊರೆಲ್ಲಾ ಹಬ್ಬಿತು. ಜವಾನ ನಾಕು ದಿನ ಗ್ವಾಡಿಗೆ ಬೆನ್ನು ಹಚ್ಚಿ ಅಡ್ಡಾಡಿದ. ಹೆಡ್‌ಮಾಸ್ತರು ನನ್ನ ಕರದು, “ಮುಂದಿನ ವಾರ ಸಾಹೇಬ್ರು ಬರ್ತಾರ. ಈ ಮಂಗ್ಯಾನಾಟ ಬಂದ್ ಮಾಡ್ರಿ, ಇಲ್ಲಂದ್ರ ನಿಮ್ಮ ಲಗ್ನ ನೀವ ಮುರಕೊಂಡಂಗ” ಅಂದ್ರು. ಇನ್ನ ಈ ಆಟ ಆಡಂಗಿಲ್ಲ ಅಂತ ನಾನೂ ಹುಡುಗೂರ ಕಡಿಂದ ಆಣಿ ಮಾಡಿಸಿಕೊಂಡೆ.

೪. ತಪಾಸಣಿ

ಸಾಹೇಬ್ರು ಬಂದ್ರು. ಸಫಾರಿ ಡ್ರೆಸ್ಸು, ದೊಡ್ಡ ದನಿ. ಪುಸ್ತಕ ತೆರದು ಬೆರಳಿಟ್ಟು ಕೇಳಿದ್ದು ಯಾವ ಶಬ್ದ ಅಂತೀರಿ? “ಈರಿ ಅಂದ್ರ ಏನು? ಯಾರ ಹೇಳ್ತೀರಿ?”

ಅದ ಹುಡುಗಿ ಎದ್ಲು. ಬಾಯಿ ತೆರದ್ಲು, ಮುಚ್ಚಿದ್ಲು. ಸಾಹೇಬ್ರ ಹೆಗಲಿನ ಹಿಂದ ನೋಡಿದ್ಲು. ಆಣಿ ಮಾಡಿದ ಉಳಿದ ನಲವತ್ತೊಂದು ಮಂದೀನೂ ನೋಡಿದ್ರು.

ಕುಂದಗೋಳ ಅಲ್ಲೇ ಕಣ್ಮುಂದ ಹಾದುಹೋತು.

“ಏನವಾ, ಹೇಳು” ಅಂದ್ರು ಸಾಹೇಬ್ರು. ಯಾರೂ ಪಿಟ್ ಅನ್ನಲಿಲ್ಲ. ಸಾಹೇಬ್ರು ಹಿಂದ ತಿರುಗಿದ್ರು. ಗ್ವಾಡಿಮ್ಯಾಲೆ ಭಾರತದ ನಕಾಶಿ, ಅಷ್ಟ. ಬಾಜೂಕ ಸರದ್ರು, ಕಣ್ಣುಗಳೂ ಅವರ ಬೆನ್ನ ಹಿಂದನ ಸರದುವು. ಕರ್ಚೀಫ್ ತಗದ್ರು. ದೊಡ್ಡ ದನಿ ಸಣ್ಣಾತು.

“ಮಾಸ್ತರ, ಏನೈತ್ರಿ ಅಲ್ಲೆ?”

ಆಟ ಕಲಿಸಿದವ ನಾನು. ನನಗ ಗೊತ್ತಿರಬೇಕಿತ್ತು. ಆದ್ರೂ ಖರೇ ಹೇಳ್ತೀನಿ, ನಾನೂ ತಿರುಗಿ ನೋಡಿದೆ.

ಆಗ ಹುಡುಗಿ ಶಾಂತ ಹೇಳಿದ್ಲು: “ನಿಮಗ ಈಗ ಅನಸಾಕತ್ತೈತಲ್ರಿ ಸರ, ಅದಕ್ಕ ಈರಿ ಅಂತಾರ.”

ಸಾಹೇಬ್ರು ಒಂದು ಗ್ಲಾಸ್ ನೀರು ಕುಡದ್ರು. ನಗಲಿಲ್ಲ, ಬೈಲಿಲ್ಲ. ನೆಟ್ಟಗ ಹೋಗಿ ರಿಜಿಸ್ಟರಿನ್ಯಾಗ ಬರದ್ರು: ‘ಶಬ್ದದ ಅರ್ಥ ವಿದ್ಯಾರ್ಥಿಗಳಿಗೆ ಪೂರ್ತಿ ತಿಳಿದಿದೆ. ನನಗೂ ತಿಳಿಯಿತು. ಶಿಕ್ಷಕರನ್ನು ಕಾಯಂ ಮಾಡಬಹುದು.’ ಊಟಕ್ಕ ಏಳ್ರಿ ಅಂದ್ರ ನಿಲ್ಲಲಿಲ್ಲ. ಗೇಟ್ ದಾಟೂತನಕ ಮೂರು ಸಲ ಹಿಂದ ನೋಡಿದ್ರು.

೫. ಮುಹೂರ್ತ

ಕುಂದಗೋಳದಾಗ ಲಗ್ನ. ಬ್ಯಾಡಂದ್ರೂ ಕೇಳದ ನಲವತ್ತೆರಡು ಹುಡುಗೂರೂ ಬಂದು, ಎದುರಿಗೆ ಸಾಲಾಗಿ ನಿಂತಿದ್ರು, ಮುಷ್ಟಿ ತುಂಬ ಅಕ್ಕಿಕಾಳು. ಬಾಜಾ ಜೋರಾತು. ನಾನು ತಾಳಿ ಎತ್ತಿ ಕೈ ಚಾಚಿದೆ. ಎಲ್ಲಾರೂ ಅಕ್ಕಿಕಾಳು ಹಾಕಿದ್ರು. ಈ ಮಕ್ಕಳು ಮಾತ್ರ ಹಾಕಲಿಲ್ಲ. ಗಪ್ ನಿಂತು, ನನ್ನ ಬೆನ್ನ ಹಿಂದ ನೋಡಾಕತ್ತಿದ್ರು.

ತಿರುಗಬಾರದು, ತಿರುಗಬಾರದು ಅಂತ ಮನಸಿಗೆ ಹೇಳಿದೆ. ತಿರುಗಿದೆ. ತಾಳಿ ಕೈಯಾಗ, ಮಾರಿ ಹಿಂದ, ಮಾವನವರು ಗಾಬರಿ.

ಆಗ ತಲಿ ತಗ್ಗಿಸಿ ಕೂತಿದ್ದ ಮದುಮಗಳು ನನ್ನ ಜೋಡಿ ತನ್ನ ಮೊದಲನೇ ಮಾತು ಆಡಿದ್ಲು. “ಹಿಂದ ಯಾರೂ ಇಲ್ರಿ. ನಾ ಈ ಕಡೆ ಅದೀನಿ.”